ತಂತಿಗೆ ‘ಎಲ್ಲಿಂದ ಬಂದೆ’ ಎಂದೂ ಕೇಳಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ನೆನಪಿನ ಲೋಹದ ಬಗ್ಗೆ ಒಂದು ಸಣ್ಣ ಬರಹ ಬಂದಿತ್ತು. ನಿಟಿನಾಲ್ ಎಂಬ ತಂತಿಯನ್ನು ಹೇಗೆ ಬೇಕಾದರೂ ಬಗ್ಗಿಸಿ, ಬಿಸಿನೀರಿಗೆ ಹಾಕಿದರೆ ಮೊದಲಿನ ಆಕಾರಕ್ಕೆ ಬರುತ್ತದೆ ಎಂದು ಅದರಲ್ಲಿತ್ತು. ಇಂಥ ವಿಷಯ ಕನ್ನಡ ಪತ್ರಿಕೆಯಲ್ಲಿ ನೋಡಿ ತುಂಬ ಖುಷಿಯಾಯಿತು. ಆದರೆ ಬರಹ ಬಿಸಿನೀರಿನಲ್ಲೇ ನಿಂತುಬಿಟ್ಟಿತು. ಆ ತಂತಿಯ ಮೇಲೆ ಭಾರ ಹಾಕಿದಾಗ ಏನಾಗುತ್ತದೆ, ಅದನ್ನು ಲೆಕ್ಕ ಹಾಕುವುದು ಹೇಗೆ ಎನ್ನುವ ಮಾತೇ ಬರಲಿಲ್ಲ. ನಾನು ಹದಿನೈದು ವರ್ಷಗಳಿಂದ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತಿದ್ದೇನೆ, ಈ ಲೋಹದಿಂದ ಒಮ್ಮೆ ಏಟು ತಿಂದವನೂ ಹೌದು. ಹಾಗಾಗಿ ಸುಮ್ನೆ ಇರಲು ಆಗಲಿಲ್ಲ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ‘ಹೇಗೆ ಬೇಕಾದರೂ’ ಎಂಬ ಮಾತು. ಅದು ಸರಿಯಲ್ಲ. ನಿಟಿನಾಲ್ ವಾಪಸ್ ಬರುವುದಕ್ಕೂ ಒಂದು ಮಿತಿ ಇದೆ, ಅದು ಶೇಕಡಾ 8ರ ಆಸುಪಾಸು. ಒಂದು ಮೀಟರ್ ತಂತಿಯನ್ನು ಆರು ಏಳು ಸೆಂಟಿಮೀಟರ್ ಎಳೆದರೆ ಅದು ವಾಪಸ್ ಬರುತ್ತದೆ, ಇನ್ನೂ ಜಾಸ್ತಿ ಎಳೆದರೆ ಪೂರ್ತಿ ಬರುವುದಿಲ್ಲ. ಇದೂ ಕಡಿಮೆ ಏನಲ್ಲ ಬಿಡಿ. ಸಾಮಾನ್ಯ ಉಕ್ಕಿನ ತಂತಿ ಒಂದು ಮೀಟರಿಗೆ ಸುಮಾರು 2 ಮಿಲಿಮೀಟರ್ ಹಿಗ್ಗುವಷ್ಟರಲ್ಲೇ ಅದರ ಮಿತಿ ಮುಗಿಯುತ್ತದೆ.

ಇದರ ಚರಿತ್ರೆ ಹೆಚ್ಚು ಹೇಳುವುದಿಲ್ಲ. ಚಿನ್ನ ಮತ್ತು ಕ್ಯಾಡ್ಮಿಯಂ ಸೇರಿಸಿದ ಲೋಹದಲ್ಲಿ ಇಂಥ ವಿಚಿತ್ರ ಗುಣವನ್ನು ಸ್ವೀಡನ್ನಿನ ಆರ್ನೆ ಒಲಾಂಡರ್ 1932ರಲ್ಲೇ ಕಂಡಿದ್ದರು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ 1959ರ ಹೊತ್ತಿಗೆ ನಿಕ್ಕಲ್ ಮತ್ತು ಟೈಟಾನಿಯಂ ಸೇರಿಸಿ ಕೆಲಸ ಮಾಡುತ್ತಿದ್ದರು. ನಿಕ್ಕಲ್‌ನ ‘ನಿ’, ಟೈಟಾನಿಯಂನ ‘ಟಿ’, ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳು ‘ನಾಲ್’. ಹೀಗೆ ನಿಟಿನಾಲ್.

ಈಗ ನನಗೆ ಮುಖ್ಯ ಅನಿಸಿದ ವಿಷಯ. ನಿಮ್ಮ ಬರಹದಲ್ಲಿ ಲೋಹಕ್ಕೆ ನೆನಪು ಇದೆ ಎಂದು ಬರೆದದ್ದು ನಿಜ. ಆದರೆ ಆ ನೆನಪು ಬರೀ ಆಕಾರದ್ದಲ್ಲ. ತಾನು ಯಾವ ದಾರಿಯಲ್ಲಿ ಬಂದೆ ಎನ್ನುವುದನ್ನೂ ಅದು ಇಟ್ಟುಕೊಂಡಿರುತ್ತದೆ. ಲೆಕ್ಕ ಹಾಕುವವರಿಗೆ ಕಷ್ಟ ಕೊಡುವುದು ಈ ಎರಡನೇ ನೆನಪು.

ಒಂದು ಉದಾಹರಣೆ ಕೊಡುತ್ತೇನೆ. ಈ ಲೋಹದ ಒಳಗೆ ಪರಮಾಣುಗಳ ಜೋಡಣೆ ಎರಡು ಬಗೆಯಲ್ಲಿ ಇರುತ್ತದೆ. ಬಿಸಿಯಲ್ಲಿ ಆಸ್ಟಿನೈಟ್, ತಣ್ಣಗಾದಾಗ ಮಾರ್ಟೆನ್ಸೈಟ್. ಮೊದಲನೆಯದು ಬಿಗಿ, ಎರಡನೆಯದು ಮೆತ್ತಗೆ. ಅಮೆರಿಕದ ಕ್ಯಾಥರೀನ್ ಬ್ರಿನ್ಸನ್ 1993ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಬಳಸಿದ ನಿಟಿನಾಲ್‌ನ ಅಂಕಿಗಳು ಈ ವಿಷಯ ಓದುವ ಎಲ್ಲರಿಗೂ ಬಾಯಿಪಾಠ. ಆ ತಂತಿ ತಣಿಯುವಾಗ 18.4 ಡಿಗ್ರಿಯಲ್ಲಿ ಮಾರ್ಟೆನ್ಸೈಟ್ ಆಗತೊಡಗಿ 9 ಡಿಗ್ರಿಗೆ ಪೂರ್ತಿ ಆಗುತ್ತದೆ. ಬಿಸಿ ಮಾಡುವಾಗ 34.5ರಲ್ಲಿ ವಾಪಸ್ ಹೊರಟು 49ಕ್ಕೆ ಪೂರ್ತಿ ಆಸ್ಟಿನೈಟ್ ಆಗುತ್ತದೆ. ಈಗ ಇದೇ ತಂತಿಯ ಎರಡು ತುಂಡು ತೆಗೆದುಕೊಳ್ಳಿ. ಒಂದನ್ನು ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಇಟ್ಟು ತೆಗೆಯಿರಿ. ಇನ್ನೊಂದನ್ನು 60 ಡಿಗ್ರಿ ಬಿಸಿನೀರಿಗೆ ಹಾಕಿ ತೆಗೆಯಿರಿ. ಎರಡನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಗಂಟೆ ಬಿಡಿ. ಡಿಸೆಂಬರಿನ ಬೆಳಗ್ಗೆ ಎಂದಿಟ್ಟುಕೊಳ್ಳಿ, ಕೋಣೆಯಲ್ಲಿ 25 ಡಿಗ್ರಿ.

ಎರಡೂ ತುಂಡು ಒಂದೇ ಲೋಹ, ಒಂದೇ ಬಿಸಿ, ಮೇಲೆ ಯಾವ ಭಾರವೂ ಇಲ್ಲ. ಆದರೂ ಫ್ರಿಜ್‌ನಿಂದ ಬಂದದ್ದು ಮಾರ್ಟೆನ್ಸೈಟ್ ಆಗಿಯೇ ಇದೆ, ಯಾಕೆಂದರೆ ಅದು 34.5ನ್ನು ದಾಟಿಲ್ಲ. ಬಿಸಿನೀರಿನಿಂದ ಬಂದದ್ದು ಆಸ್ಟಿನೈಟ್ ಆಗಿಯೇ ಇದೆ, ಅದು 18.4ರ ಕೆಳಗೆ ಇಳಿದಿಲ್ಲ. ಎಳೆದು ನೋಡಿದರೆ ಒಂದರ ಬಿಗಿತ 26.3 ಗಿಗಾಪಾಸ್ಕಲ್, ಇನ್ನೊಂದರದ್ದು 67. ಎರಡೂವರೆ ಪಟ್ಟು ವ್ಯತ್ಯಾಸ! ಶಾಲೆಯಲ್ಲಿ ನಾವು ಹೂಕ್‌ನ ನಿಯಮ ಕಲಿಯುತ್ತೇವೆ, ಎಳೆತ ಎಷ್ಟೋ ಹಿಗ್ಗು ಅಷ್ಟು ಎಂದು. ಅಲ್ಲಿ ಕೇಳಬೇಕಾದ್ದು ಒಂದೇ ಪ್ರಶ್ನೆ, ‘ಈಗ ಎಷ್ಟು ಎಳೆತ ಇದೆ’. ಈ ತಂತಿಗೆ ಅಷ್ಟು ಕೇಳಿದರೆ ಉತ್ತರ ಸಿಗುವುದಿಲ್ಲ. ನೀನು ಎಲ್ಲಿಂದ ಬಂದೆ ಎಂದೂ ಕೇಳಬೇಕು.

ಇದಕ್ಕೆ ಭಾರ ಸೇರಿದಾಗ ಇನ್ನೂ ಸ್ವಾರಸ್ಯ. ನನ್ನ ಮಗಳು ಹತ್ತನೇ ಕ್ಲಾಸು, ಹಲ್ಲಿಗೆ ಕ್ಲಿಪ್ ಹಾಕಿಸಿದ್ದೇವೆ. ಒಂದು ದಿನ ಊಟದ ಹೊತ್ತಿಗೆ ಅವಳು, ‘ಅಪ್ಪಾ, ತಣ್ಣೀರು ಬಾಯಲ್ಲಿಟ್ಟರೆ ತಂತಿ ಸಡಿಲ ಆಗ್ತದೆ, ನೋವು ಕಡಿಮೆ ಆಗ್ತದೆ’ ಎಂದಳು. ನನಗೆ ಅನ್ನ ತಿನ್ನುವುದೇ ಮರೆತುಹೋಯಿತು. ಅವಳು ಹೇಳಿದ್ದು ಈ ಲೋಹದ ಅತಿ ಮುಖ್ಯ ಸಮೀಕರಣ! ಎಳೆತ ಮತ್ತು ಬಿಸಿ ಇಲ್ಲಿ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಆಸ್ಟಿನೈಟ್ ಸ್ಥಿತಿಯಲ್ಲಿರುವ ತಂತಿಯನ್ನು ಎಳೆದರೆ, ತಣ್ಣಗೆ ಮಾಡದಿದ್ದರೂ ಅದು ಮಾರ್ಟೆನ್ಸೈಟ್ ಆಗುತ್ತದೆ. ಹಾಗೆ ಆಗುವಾಗ ಎಳೆತ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತು, ತಂತಿ ಮಾತ್ರ ಹಿಗ್ಗುತ್ತಾ ಹೋಗುತ್ತದೆ. ಬಿಟ್ಟರೆ ವಾಪಸ್ ಬರುತ್ತದೆ. ಹಲ್ಲು ಸರಿದರೂ ತಂತಿಯ ಬಲ ಜಾಸ್ತಿ ಬದಲಾಗದೆ ಇರುವುದು ಇದರಿಂದ. ಆ ಮಟ್ಟ ಎಲ್ಲಿದೆ ಎನ್ನುವುದು ಬಿಸಿಯನ್ನು ಹೊಂದಿಕೊಂಡಿದೆ. ಒಂದು ಡಿಗ್ರಿ ಏರಿದರೆ ಸುಮಾರು 5ರಿಂದ 8 ಮೆಗಾಪಾಸ್ಕಲ್ ಏರುತ್ತದೆ. ಒಂದು ಮೆಗಾಪಾಸ್ಕಲ್ ಅಂದರೆ ಒಂದು ಚದರ ಮಿಲಿಮೀಟರಿನ ಮೇಲೆ ಒಂದು ನ್ಯೂಟನ್ ಎಳೆತ, ಅಂದಾಜು ನೂರು ಗ್ರಾಂ ತೂಕ. ಸಾವಿರ ಮೆಗಾಪಾಸ್ಕಲ್ ಸೇರಿದರೆ ಒಂದು ಗಿಗಾಪಾಸ್ಕಲ್. ಬಾಯಿ 37 ಡಿಗ್ರಿ. ತಣ್ಣೀರಿನಿಂದ ತಂತಿ 10 ಡಿಗ್ರಿಗೆ ಇಳಿಯಿತು ಎಂದರೆ 27 ಡಿಗ್ರಿ ಕಡಿಮೆ. ಡಿಗ್ರಿಗೆ 7ರಂತೆ 189 ಮೆಗಾಪಾಸ್ಕಲ್ ಕಡಿಮೆ. ಹಲ್ಲಿಗೆ ಆರಾಮ ಅನಿಸುವುದು ಸಹಜ ಅಲ್ವಾ? ತಾಮ್ರ ಸೇರಿಸಿದ ನಿಟಿನಾಲ್‌ನ ಹಲ್ಲಿನ ತಂತಿಗಳು 27, 35, 40 ಡಿಗ್ರಿಯವು ಎಂದು ಬೇರೆ ಬೇರೆ ಸಿಗುವುದೂ ಇದೇ ಲೆಕ್ಕದ ಮೇಲೆ.

ನಮ್ಮೂರಿನ ಹವೆಯನ್ನೇ ತೆಗೆದುಕೊಳ್ಳಿ. ಚಳಿಗಾಲದ ಬೆಳಗ್ಗೆ 20, ಏಪ್ರಿಲ್ ಮಧ್ಯಾಹ್ನ 36 ಎಂದರೆ 16 ಡಿಗ್ರಿ ವ್ಯತ್ಯಾಸ, ಅಂದರೆ 112 ಮೆಗಾಪಾಸ್ಕಲ್. ಸೇತುವೆಗೋ ಕಟ್ಟಡಕ್ಕೋ ಈ ತಂತಿ ಹಾಕುವ ಎಂಜಿನಿಯರಿಗೆ ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಕಟ್ಟಡಕ್ಕೆ ಯಾಕೆ ಹಾಕುತ್ತಾರೆ ಎನ್ನುವುದನ್ನೂ ಹೇಳಬೇಕು. ತಂತಿ ಹಿಗ್ಗುವಾಗ ಎಳೆತದ ಮಟ್ಟ ಮೇಲೆ, ಕುಗ್ಗುವಾಗ ಕೆಳಗೆ. ಗ್ರಾಫ್ ಎಳೆದರೆ ಹೋಗುವ ಗೆರೆ ಬೇರೆ, ಬರುವ ಗೆರೆ ಬೇರೆ. ಬದಿಯಡ್ಕದಿಂದ ಕಾಸರಗೋಡಿಗೆ ಎಡನೀರು, ಚೆರ್ಕಳ ದಾರಿಯಲ್ಲಿ ಹೋಗಿ ವಾಪಸ್ ಬರುವಾಗ ಕುಂಬಳೆ, ಸೀತಾಂಗೋಳಿ, ನೀರ್ಚಾಲು ದಾರಿಯಲ್ಲಿ ಬಂದ ಹಾಗೆ. ಹೊರಟ ಜಾಗಕ್ಕೇ ಬಂದೆವು, ಆದರೆ ನಕ್ಷೆಯಲ್ಲಿ ಒಂದು ಸುತ್ತು ಆಯಿತು. ಗ್ರಾಫಿನಲ್ಲಿ ಆ ಸುತ್ತಿನ ಒಳಗಿನ ಜಾಗ ಎಷ್ಟಿದೆಯೋ ಅಷ್ಟು ಶಕ್ತಿಯನ್ನು ತಂತಿ ನುಂಗಿ ಬಿಸಿಯಾಗಿ ಹೊರಗೆ ಬಿಟ್ಟಿರುತ್ತದೆ. ಭೂಕಂಪದ ಅಲುಗಾಟವನ್ನು ನುಂಗಿ, ಮತ್ತೆ ಮೊದಲಿನ ಉದ್ದಕ್ಕೇ ಬರುವ ತಂತಿ ಸಿಕ್ಕಿದರೆ ಯಾರಿಗೆ ಬೇಡ? ಇಟಲಿಯ ಅಸಿಸಿಯಲ್ಲಿ 1997ರ ಭೂಕಂಪಕ್ಕೆ ಸೇಂಟ್ ಫ್ರಾನ್ಸಿಸ್ ಚರ್ಚು ಹಾಳಾಯಿತಲ್ಲ, ಅದನ್ನು ದುರಸ್ತಿ ಮಾಡುವಾಗ ಗೋಡೆಯನ್ನು ಮಾಡಿಗೆ (ಛಾವಣಿಗೆ) ಜೋಡಿಸಲು ಈ ಲೋಹದ ಉಪಕರಣಗಳನ್ನು ಹಾಕಿದ್ದಾರೆ.

ಇನ್ನು ಮಾದರಿ, ಅಂದರೆ ಗಣಿತದ ಮಾದರಿ. ಜಪಾನಿನ ತನಾಕಾ 1986ರಲ್ಲಿ ಒಂದು ಸರಳ ದಾರಿ ತೋರಿಸಿದರು. ಲೋಹದ ಒಳಗಿನ ಪ್ರತಿಯೊಂದು ಹರಳಿನ ಚಿಂತೆ ಬಿಟ್ಟುಬಿಡಿ, ಒಟ್ಟಿನಲ್ಲಿ ಎಷ್ಟು ಪಾಲು ಮಾರ್ಟೆನ್ಸೈಟ್ ಆಗಿದೆ ಎಂಬ ಒಂದೇ ಸಂಖ್ಯೆ ಇಟ್ಟುಕೊಳ್ಳಿ. ಸೊನ್ನೆ ಅಂದರೆ ಏನೂ ಆಗಿಲ್ಲ, ಒಂದು ಅಂದರೆ ಪೂರ್ತಿ ಆಗಿದೆ. ‘ಎಲ್ಲಿಂದ ಬಂದೆ’ ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳುವ ಡಬ್ಬಿ ಈ ಸಂಖ್ಯೆ. ಆ ಪಾಲು ಹೇಗೆ ಏರುತ್ತದೆ ಎನ್ನುವುದಕ್ಕೆ ಲಿಯಾಂಗ್ ಮತ್ತು ರೋಜರ್ಸ್ 1990ರಲ್ಲಿ ಕೊಸೈನ್ ಗೆರೆ ಬಳಸಿದರು. ನಮ್ಮ ಪ್ಲಸ್ ಟು ಮಕ್ಕಳು ಬಾಯಿಪಾಠ ಮಾಡುವ ಅದೇ ಕೊಸೈನ್. ಮೇಲಿನ ತಂತಿಗೆ ಹೊಂದಿಸಿದರೆ 18.4 ಡಿಗ್ರಿಯಲ್ಲಿ ಪಾಲು ಸೊನ್ನೆ, 9ರಲ್ಲಿ ಒಂದು, ಸರಿ ಮಧ್ಯದ 13.7ರಲ್ಲಿ ಅರ್ಧ. ಆದರೆ ಕಾಲು ದಾರಿ ಇಳಿದಾಗ ಕಾಲು ಪಾಲು ಆಗಿರುವುದಿಲ್ಲ, ನೂರಕ್ಕೆ ಸುಮಾರು ಹದಿನೈದು ಅಷ್ಟೆ. ಶುರುವಿನಲ್ಲಿ ನಿಧಾನ, ನಡುವೆ ಜೋರು, ಕೊನೆಗೆ ಮತ್ತೆ ನಿಧಾನ.

ಬ್ರಿನ್ಸನ್ ಇದಕ್ಕೆ ಮುಖ್ಯವಾದ ಒಂದು ತಿದ್ದುಪಡಿ ಮಾಡಿದರು. ಬರೀ ತಣ್ಣಗೆ ಮಾಡಿದಾಗ ಮಾರ್ಟೆನ್ಸೈಟ್ ಆಗುತ್ತದೆ, ಆದರೆ ತಂತಿಯ ಹೊರಗಿನ ಆಕಾರ ಬದಲಾಗುವುದಿಲ್ಲ. ಶಾಲೆಯ ಅಸೆಂಬ್ಲಿಯಲ್ಲಿ ಮಕ್ಕಳು ಸಾಲಾಗಿ ನಿಂತಿದ್ದಾರೆ, ಒಬ್ಬ ಎಡಕ್ಕೆ ವಾಲಿದ್ದಾನೆ, ಪಕ್ಕದವಳು ಬಲಕ್ಕೆ ವಾಲಿದ್ದಾಳೆ. ದೂರದಿಂದ ನೋಡಿದರೆ ಸಾಲು ನೆಟ್ಟಗೇ ಇದೆ. ಎಲ್ಲರೂ ಒಂದೇ ಕಡೆ ವಾಲಿದರೆ ಮಾತ್ರ ಸಾಲು ವಾಲಿದಂತೆ ಕಾಣುತ್ತದೆ. ಹರಳುಗಳನ್ನು ಒಂದೇ ಕಡೆ ವಾಲಿಸುವ ಕೆಲಸ ಭಾರದ್ದು. ಹಾಗಾಗಿ ತಂಪಿನಿಂದ ಆದ ಪಾಲು ಬೇರೆ, ಎಳೆತದಿಂದ ವಾಲಿದ ಪಾಲು ಬೇರೆ ಎಂದು ಎರಡು ಸಂಖ್ಯೆ ಇಡಬೇಕು, ಹಿಗ್ಗಿಗೆ ಎರಡನೆಯದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದಿಲ್ಲದೆ ತಣ್ಣಗಿನ ತಂತಿಯ ಲೆಕ್ಕ ಸರಿ ಬರುವುದಿಲ್ಲ.

ಈ ಲೆಕ್ಕವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡೋಣ, ಕ್ಯಾಲ್ಕುಲೇಟರ್ ಸಾಕು. ತಂತಿ ಶೇಕಡಾ 4 ಹಿಗ್ಗಿದೆ, ಅರ್ಧ ಪಾಲು ಎಳೆತದಿಂದ ಮಾರ್ಟೆನ್ಸೈಟ್ ಆಗಿದೆ ಎಂದುಕೊಳ್ಳಿ. ಈ ತಂತಿಯಲ್ಲಿ ಪೂರ್ತಿ ಬದಲಾದರೆ ಸಿಗುವ ಹಿಗ್ಗು ಶೇಕಡಾ 6.7. ಅರ್ಧ ಬದಲಾದರೆ 3.35. ಹಾಗಾದರೆ 4ರಲ್ಲಿ ಉಳಿದ ನಿಜವಾದ ಎಳೆತದ ಹಿಗ್ಗು 0.65 ಮಾತ್ರ. ಬಿಗಿತವೂ ಅರ್ಧ ಅದು ಅರ್ಧ ಇದು, ಅಂದರೆ 67 ಮತ್ತು 26.3ರ ಸರಾಸರಿ 46.65 ಗಿಗಾಪಾಸ್ಕಲ್. ಗುಣಿಸಿದರೆ ಸುಮಾರು 303 ಮೆಗಾಪಾಸ್ಕಲ್. ಪಾಲಿನ ಸಂಖ್ಯೆಯನ್ನು ಬಿಟ್ಟು ಹೂಕ್‌ನ ನಿಯಮವನ್ನೇ ಹಾಕಿದ್ದರೆ 67 ಗಿಗಾಪಾಸ್ಕಲ್‌ನ ಶೇಕಡಾ 4, ಅಂದರೆ 2680 ಮೆಗಾಪಾಸ್ಕಲ್! ಅಷ್ಟು ಎಳೆತಕ್ಕೆ ಆ ತಂತಿ ಉಳಿಯುವುದೇ ಇಲ್ಲ. ಒಂದು ಸಂಖ್ಯೆ ಸೇರಿಸಿದ್ದಕ್ಕೆ ಉತ್ತರದಲ್ಲಿ ಸುಮಾರು ಒಂಬತ್ತು ಪಟ್ಟು ವ್ಯತ್ಯಾಸ. ಇದನ್ನು ಬೋರ್ಡಿನಲ್ಲಿ ಬರೆದು ತೋರಿಸಿದ ದಿನ ನನ್ನ ಕ್ಲಾಸಿನ ಹಿಂದಿನ ಬೆಂಚಿನವರೂ ಪುಸ್ತಕ ತೆರೆದಿದ್ದರು.

ಇನ್ನೊಂದು ದಾರಿ ಶಕ್ತಿಯದ್ದು. ಅದು ನನಗೆ ವೈಯಕ್ತಿಕವಾಗಿ ತುಂಬ ಇಷ್ಟ. ನಮ್ಮ ಕಡೆ ಆಟಿ ತಿಂಗಳಲ್ಲಿ ಅಜ್ಜಿಯರು ಚೆನ್ನೆಮಣೆ ಆಡುತ್ತಿದ್ದರಲ್ಲ, ಆ ಮಣೆಯ ಮೂರು ಗುಳಿಗಳನ್ನು ಮಾತ್ರ ನೆನಪಿಗೆ ತಂದುಕೊಳ್ಳಿ. ನಡುವಿನ ಗುಳಿ ಆಸ್ಟಿನೈಟ್. ಎಡದ್ದು, ಬಲದ್ದು ಎರಡು ಕಡೆಗೆ ವಾಲಿದ ಮಾರ್ಟೆನ್ಸೈಟ್. ಬಿಸಿ ಜಾಸ್ತಿ ಇದ್ದರೆ ನಡುವಿನ ಗುಳಿ ಆಳ, ತಂಪಾದರೆ ಬದಿಯ ಗುಳಿಗಳು ಆಳ. ಎಳೆತ ಅಂದರೆ ಮಣೆಯನ್ನು ಒಂದು ಕಡೆ ಓರೆ ಮಾಡುವುದು. ಮಂಜೊಟ್ಟಿ ಬೀಜ ನಡುವಿನ ಗುಳಿಯಲ್ಲಿದೆ, ಮಣೆಯನ್ನು ಬಲಕ್ಕೆ ಮೆಲ್ಲ ಓರೆ ಮಾಡುತ್ತಾ ಹೋಗಿ. ಸ್ವಲ್ಪ ಓರೆಗೆ ಅದು ಕದಲುವುದಿಲ್ಲ. ಒಂದು ಹಂತದಲ್ಲಿ ದಿಬ್ಬ ಇಲ್ಲದ ಹಾಗೆ ಆಗಿ ಬೀಜ ಪಕ್ಕದ ಗುಳಿಗೆ ಉರುಳುತ್ತದೆ. ಈಗ ಮಣೆಯನ್ನು ವಾಪಸ್ ಸರಿ ಮಾಡಿ. ಬೀಜ ಉರುಳಿದ ಅದೇ ಓರೆಯಲ್ಲಿ ವಾಪಸ್ ಬರುತ್ತದೆಯೇ? ಬರುವುದಿಲ್ಲ, ಇನ್ನೂ ಜಾಸ್ತಿ ಸರಿ ಮಾಡಬೇಕು. ಹೋಗುವ ದಾರಿ ಬೇರೆ ಬರುವ ದಾರಿ ಬೇರೆ ಎಂದು ಯಾರೂ ಬರೆದು ಕೊಡದೆ ತಾನಾಗಿ ಬಂತು ನೋಡಿ! ಜರ್ಮನಿಯ ಫಾಕ್ 1980ರಲ್ಲಿ ಈ ಶಕ್ತಿಯ ಗುಳಿಗಳನ್ನು ಒಂದು ಬಹುಪದಿಯಾಗಿ ಬರೆದರು. ಹಿಗ್ಗಿನ ಎರಡನೇ, ನಾಲ್ಕನೇ, ಆರನೇ ಘಾತ, ಅಷ್ಟೇ ಮೂರು ಪದ. ಎಡ ಬಲ ಒಂದೇ ಥರ ಇರಬೇಕಾದ್ದರಿಂದ ಬೆಸ ಘಾತ ಇಲ್ಲ. ಎರಡನೇ ಘಾತದ ಗುಣಕ ಮಾತ್ರ ಬಿಸಿಯೊಂದಿಗೆ ಬದಲಾಗುತ್ತದೆ. ಆ ಬಹುಪದಿಯನ್ನು ಒಮ್ಮೆ ಅವಕಲನ (ಡಿಫರೆನ್ಷಿಯೇಷನ್) ಮಾಡಿದರೆ ಎಳೆತ ಸಿಗುತ್ತದೆ. ಪ್ಲಸ್ ಟುವಿನಲ್ಲಿ ಗಣಿತ ಓದಿದ ಯಾವ ಮಗುವಿಗೂ ಅವಕಲನ ಗೊತ್ತು. ಅದರಿಂದ ಒಂದು ಲೋಹದ ನಡವಳಿಕೆ ಹೊರಡುತ್ತದೆ ಎಂದು ಮಾತ್ರ ಅವರಿಗೆ ಯಾರೂ ಹೇಳಿಲ್ಲ.

ಈ ಮಾದರಿಗಳಲ್ಲಿ ಕೊರತೆಯೂ ಇದೆ, ಅದನ್ನು ಮುಚ್ಚಿಡಬಾರದು. ನಿಟಿನಾಲ್ ಎಳೆಯುವಾಗ ಒಂದು ಥರ, ಹಿಂಡುವಾಗ ಇನ್ನೊಂದು ಥರ. ಹಿಂಡಿದರೆ ಜಾಸ್ತಿ ಬಲ ಬೇಕು, ಬದಲಾಗುವುದು ಕಡಿಮೆ. ಹಾಗಾಗಿ ಫಾಕ್ ಅವರ ಎಡ ಬಲದ ಸಮಾನತೆ ನಿಜವಾದ ತಂತಿಗೆ ಪೂರ್ತಿ ಹೊಂದುವುದಿಲ್ಲ. ಇನ್ನೊಂದು, ಈ ಲೆಕ್ಕಗಳೆಲ್ಲ ಒಂದೇ ದಿಕ್ಕಿನ ಎಳೆತಕ್ಕೆ. ಕಾಲಿನ ರಕ್ತನಾಳವನ್ನು ತೆರೆದಿಡಲು ಹಾಕುವ ನಿಟಿನಾಲ್ ಜಾಲರಿ, ಅಂದರೆ ಸ್ಟೆಂಟ್, ಎಳೆತ, ಬಾಗು, ತಿರುಚು ಮೂರನ್ನೂ ಒಟ್ಟಿಗೆ ಅನುಭವಿಸುತ್ತದೆ, ಅಲ್ಲಿ ಔರಿಕ್ಕಿಯೊ ಮತ್ತು ಟೇಲರ್ ಅವರ 1997ರ ಮಾದರಿಯಂಥದ್ದು ಬೇಕು. ಅರ್ಧ ಎಳೆದು, ಸ್ವಲ್ಪ ಬಿಟ್ಟು, ಮತ್ತೆ ಎಳೆದರೆ ದೊಡ್ಡ ಸುತ್ತಿನ ಒಳಗೆ ಸಣ್ಣ ಸಣ್ಣ ಸುತ್ತು ಬರುತ್ತವೆ. ಎಲ್ಲೆಲ್ಲಿ ತಿರುಗಿದೆವೋ ಆ ಜಾಗಗಳನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಅದಕ್ಕೆ ಪ್ರೈಸಾಕ್ ಎಂಬವರು 1935ರಲ್ಲಿ ಅಯಸ್ಕಾಂತಕ್ಕಾಗಿ ಮಾಡಿದ ವಿಧಾನವನ್ನೇ ಈ ಲೋಹಕ್ಕೂ ತಂದಿದ್ದಾರೆ. ಹರಳುಗಳ ಮಟ್ಟಕ್ಕೆ ಇಳಿದು ಗಣಿತ ಕಟ್ಟಿದವರಲ್ಲಿ ಐಐಟಿ ಮದ್ರಾಸಿನಲ್ಲಿ ಓದಿದ ಕೌಶಿಕ್ ಭಟ್ಟಾಚಾರ್ಯ ಅವರೂ ಇದ್ದಾರೆ ಎನ್ನುವುದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಎಳೆಯುವ ವೇಗದ ವಿಷಯ ಒಂದು ಬಾಕಿ ಇದೆ. ಮುಳ್ಳೇರಿಯ ಕಡೆ ರಬ್ಬರ್ ತೋಟ ಇರುವವರ ಮನೆಯಲ್ಲೂ ಇಲ್ಲದ ಮನೆಯಲ್ಲೂ ಒಂದು ರಬ್ಬರ್ ಬ್ಯಾಂಡ್ ಇದ್ದೇ ಇರುತ್ತದೆ. ಅದನ್ನು ಪಟಕ್ಕನೆ ಎಳೆದು ತುಟಿಗೆ ತಾಗಿಸಿ, ಬೆಚ್ಚಗಿರುತ್ತದೆ. ರಬ್ಬರಿನ ಕಾರಣ ಬೇರೆ, ಆದರೆ ನಿಟಿನಾಲ್ ಕೂಡ ಎಳೆದಾಗ ಬಿಸಿಯಾಗುತ್ತದೆ. ಆಸ್ಟಿನೈಟ್ ಮಾರ್ಟೆನ್ಸೈಟ್ ಆಗುವಾಗ ಬಿಸಿ ಹೊರಬರುತ್ತದೆ, ನೀರಿನ ಆವಿ ನೀರಾಗುವಾಗ ಬಿಸಿ ಬಿಡುವ ಹಾಗೆ. ನಿಧಾನ ಎಳೆದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಬೇಗ ಎಳೆದರೆ ತಂತಿಯಲ್ಲೇ ಉಳಿದು ಹತ್ತು ಡಿಗ್ರಿಗೂ ಮೀರಿ ಏರಬಹುದು. ಬಿಸಿ ಏರಿದರೆ ಎಳೆತದ ಮಟ್ಟ ಏರುತ್ತದೆ ಎಂದು ಆಗಲೇ ನೋಡಿದೆವು. ಹತ್ತು ಡಿಗ್ರಿಗೆ 70 ಮೆಗಾಪಾಸ್ಕಲ್. ಹೀಗಾಗಿ ಒಂದೇ ತಂತಿಯ ಗ್ರಾಫ್ ನಿಧಾನ ಎಳೆದರೆ ಒಂದು, ಬೇಗ ಎಳೆದರೆ ಇನ್ನೊಂದು. ಶಾ ಮತ್ತು ಕಿರಿಯಾಕಿಡೀಸ್ 1995ರಲ್ಲಿ ಇದನ್ನು ತಂತಿಯ ಉದ್ದಕ್ಕೂ ಬಿಸಿ ಅಳೆದು ಬಹಳ ಚೆನ್ನಾಗಿ ತೋರಿಸಿದ್ದಾರೆ. ಭೂಕಂಪ ನಿಧಾನವಾಗಿ ಎಳೆಯುವುದಿಲ್ಲವಲ್ಲ. ಆದ್ದರಿಂದ ಎಳೆತದ ಸಮೀಕರಣದ ಜೊತೆ ಬಿಸಿಯ ಸಮೀಕರಣವನ್ನೂ ಒಟ್ಟಿಗೆ ಬಿಡಿಸಬೇಕು.

ಇಷ್ಟು ಗೊತ್ತಿದ್ದೂ ನಾವು ಎಡವಿದ್ದನ್ನು ಹೇಳಲೇಬೇಕು. ನಮ್ಮ ಊರಿನಲ್ಲಿ ಈಗ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಶೆಡ್ ಹಾಕಿದವರು ತುಂಬ ಜನ. ಚಾಲಿ ಅಡಿಕೆ ಒಣಗಲು ಸುಮಾರು ನಲವತ್ತು ದಿನ ಬೇಕು. ಹಗಲು ಒಳಗಿನ ಪಸೆ ಹೊರಗೆ ಹೋಗಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ರಾತ್ರಿ ಮುಚ್ಚಬೇಕು, ಇಲ್ಲದಿದ್ದರೆ ಹೊರಗಿನ ಇಬ್ಬನಿಯ ಪಸೆ ಒಳಗೆ ಬರುತ್ತದೆ. ಮನೆಯಲ್ಲಿ ವಯಸ್ಸಾದವರೇ ಇದ್ದರೆ ದಿನಾ ಎರಡು ಸಲ ಹೋಗಿ ಮುಚ್ಚಳ ತೆರೆದು ಹಾಕುವುದು ಕಷ್ಟ. ಕರೆಂಟ್ ಬೇಡ, ಮೋಟಾರ್ ಬೇಡ, ಬಿಸಿಯಾದಾಗ ತಾನೇ ಕುಗ್ಗಿ ಮುಚ್ಚಳ ಎತ್ತುವ, ತಣ್ಣಗಾದಾಗ ಮುಚ್ಚಳದ ಭಾರಕ್ಕೆ ಹಿಗ್ಗಿ ಮುಚ್ಚುವ ನಿಟಿನಾಲ್ ಸ್ಪ್ರಿಂಗ್ ಹಾಕೋಣ ಎಂದು ನನ್ನ ನಾಲ್ಕು ವಿದ್ಯಾರ್ಥಿಗಳು ಪ್ರಾಜೆಕ್ಟ್ ಮಾಡಿದರು. ಒಳ್ಳೆಯ ಯೋಚನೆ. ಸ್ಪ್ರಿಂಗ್‌ನ ಚೀಟಿಯಲ್ಲಿ 45 ಡಿಗ್ರಿ ಎಂದಿತ್ತು. 45ಕ್ಕೆ ಪೂರ್ತಿ ತೆರೆಯುತ್ತದೆ ಎಂದು ನಾನೂ ಸಹಿ ಹಾಕಿದೆ.

ತೆರೆಯಲಿಲ್ಲ. 45 ದಾಟಿದರೂ ಮುಚ್ಚಳ ಬೆರಳು ತೂರುವಷ್ಟು ಎದ್ದಿತ್ತು ಅಷ್ಟೆ. ಪೂರ್ತಿ ತೆರೆದದ್ದು ಒಳಗೆ 55 ಆದಾಗ, ಮಧ್ಯಾಹ್ನ ಒಂದು ಗಂಟೆಗೆ. ಮಕ್ಕಳು ಸ್ಪ್ರಿಂಗ್ ಕೆಟ್ಟದು ಎಂದರು. ಸ್ಪ್ರಿಂಗ್ ಕೆಟ್ಟಿರಲಿಲ್ಲ. ಚೀಟಿಯಲ್ಲಿದ್ದ 45 ಭಾರ ಇಲ್ಲದಾಗಿನ ಲೆಕ್ಕ. ನಮ್ಮ ಮುಚ್ಚಳದ ಭಾರಕ್ಕೆ ತಂತಿಯ ಮೇಲೆ ಸುಮಾರು 70 ಮೆಗಾಪಾಸ್ಕಲ್ ಬೀಳುತ್ತಿತ್ತು. ಡಿಗ್ರಿಗೆ 7ರಂತೆ ಭಾಗಿಸಿದರೆ ಹತ್ತು ಡಿಗ್ರಿ. 45ಕ್ಕೆ 10 ಕೂಡಿಸಿದರೆ 55. ಮಗಳು ತಣ್ಣೀರು ಕುಡಿದು ಹೇಳಿದ ಅದೇ ಮಾತು, ತಿರುಗಿಸಿ ಓದಿದರೆ ಇದು!

ಮುಚ್ಚುವ ಹೊತ್ತಿಗೆ ಇನ್ನೊಂದು ಪಾಠ. ಭಾರ ಸೇರಿಸಿ ಲೆಕ್ಕ ಹಾಕಿದರೆ ಆ ಸ್ಪ್ರಿಂಗ್ 35 ಡಿಗ್ರಿಯಲ್ಲಿ ಮುಚ್ಚತೊಡಗಿ 25ಕ್ಕೆ ಪೂರ್ತಿ ಮುಚ್ಚಬೇಕು. ಆದರೆ ನಮ್ಮ ಕರಾವಳಿಯ ಏಪ್ರಿಲ್ ರಾತ್ರಿ 25ಕ್ಕೆ ಇಳಿಯುವುದೇ ಕಷ್ಟ. ಮುಚ್ಚಳ ಬೆಳಗಿನವರೆಗೆ ಅರೆ ತೆರೆದೇ ಇತ್ತು, ಶೆಡ್ಡಿನ ಯಜಮಾನರಿಗೆ ಸುಮಾರು ಅಡಿಕೆ ಬೂಸ್ಟು ಹಿಡಿಯಿತು. ಅವರು ಒಂದು ಮಾತೂ ಬೈಯಲಿಲ್ಲ. ‘ಮಾಷ್ಟ್ರೇ, ಮಕ್ಕಳು ಕಲಿಯಲಿ’ ಎಂದರು. ಅದಕ್ಕೇ ನನಗೆ ಇನ್ನೂ ಬೇಜಾರು. ಮುಚ್ಚಳ ಹಗುರ ಮಾಡಿದರೆ ಬೇಗ ತೆರೆಯುತ್ತದೆ, ಆದರೆ ಮುಚ್ಚುವುದು ಇನ್ನೂ ತಡವಾಗುತ್ತದೆ. ಭಾರ ಮಾಡಿದರೆ ಬೇಗ ಮುಚ್ಚುತ್ತದೆ, ತೆರೆಯುವುದು ತಡ. ಎರಡು ದಾರಿಗಳ ನಡುವಿನ ಅಂತರವೇ ದೊಡ್ಡದಿದ್ದರೆ ಭಾರ ಬದಲಿಸಿ ಪ್ರಯೋಜನ ಇಲ್ಲ. ಅಂತರವೇ ಕಡಿಮೆ ಇರುವ ಲೋಹ ಬೇಕು. ತಾಮ್ರ ಸೇರಿಸಿದ ನಿಟಿನಾಲ್‌ನಲ್ಲಿ ಅದು 10ರಿಂದ 15 ಡಿಗ್ರಿ. ಇದನ್ನು ನಾವು ಅಡಿಕೆ ಹಾಳಾಗುವ ಮೊದಲು ಕಾಗದದ ಮೇಲೆ ಕಾಣಬಹುದಾಗಿತ್ತು, ಒಂದು ಗ್ರಾಫ್ ಎಳೆದಿದ್ದರೆ ಸಾಕಿತ್ತು.

ಸಂಪಾದಕರೇ, ನಾನು ಕೇಳುವುದು ಇಷ್ಟೇ. ಮುಂದಿನ ಸಲ ಇಂಥ ವಿಷಯ ಹಾಕುವಾಗ ಗ್ರಾಫ್ ಹಾಕಿ. ಸಮೀಕರಣವೂ ಇರಲಿ, ಓದುಗರು ಹೆದರುತ್ತಾರೆ ಎಂದು ತೆಗೆದುಹಾಕಬೇಡಿ. ನಾಲ್ಕು ಸಾಲು ಲೆಕ್ಕ ಕನ್ನಡದಲ್ಲಿ ಬಿಡಿಸಿ ತೋರಿಸಿದರೆ ಅದನ್ನು ಮಾಡಿ ನೋಡುವ ಮಕ್ಕಳು ಬದಿಯಡ್ಕದಲ್ಲೂ ಪೆರ್ಲದಲ್ಲೂ ಮಂಜೇಶ್ವರದಲ್ಲೂ ಇದ್ದಾರೆ. ನಮ್ಮ ಕಡೆಯ ಮಕ್ಕಳು ಹತ್ತರವರೆಗೆ ಕನ್ನಡದಲ್ಲಿ ಓದಿ ಪ್ಲಸ್ ಟುವಿಗೆ ಹೋದ ಕೂಡಲೇ ಎಲ್ಲ ಇಂಗ್ಲಿಷ್ ಆಗುತ್ತದೆ, ಸುತ್ತಲಿನ ಮಾತು ಮಲಯಾಳ ಆಗುತ್ತದೆ. ಕೊಸೈನ್, ಅವಕಲನ ಎಲ್ಲ ಪರೀಕ್ಷೆಗೆ ಮಾತ್ರ ಎಂದು ಅವರು ನಂಬಿಬಿಡುತ್ತಾರೆ. ಮನೆಗೆ ಬರುವ ಕನ್ನಡದ ಓದು ಅಂದರೆ ಪತ್ರಿಕೆ ಒಂದೇ. ಅದರಲ್ಲಿ ಹಲ್ಲಿನ ತಂತಿಯ ಲೆಕ್ಕ ಬಂದರೆ ಅವರು ಓದುತ್ತಾರೆ, ನಾನು ನೋಡಿದ್ದೇನೆ. ನಿಮಗೆ ಬೇಕಾದರೆ ಗ್ರಾಫ್ ಬರೆದು, ಲೆಕ್ಕ ಬಿಡಿಸಿ ನಾನೇ ಕಳಿಸುತ್ತೇನೆ, ಸಂಭಾವನೆ ಬೇಡ.

ಒಂದು ಪದದ ಸಹಾಯವೂ ಬೇಕಿತ್ತು. ಹೋಗುವ ದಾರಿ ಬೇರೆ ಬರುವ ದಾರಿ ಬೇರೆ ಆಗುವುದಕ್ಕೆ ಹಿಸ್ಟರಿಸಿಸ್ ಎನ್ನುತ್ತಾರೆ. ಹಿಂದೆ ಬೀಳುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಪದ. ಕ್ಲಾಸಿನಲ್ಲಿ ನಾನು ‘ಸುತ್ತುದಾರಿ’ ಎನ್ನುತ್ತೇನೆ, ಮಕ್ಕಳಿಗೆ ಅರ್ಥವಾಗುತ್ತದೆ. ಇದಕ್ಕಿಂತ ಒಳ್ಳೆಯ ಪದ ಓದುಗರಲ್ಲಿ ಯಾರಿಗಾದರೂ ಹೊಳೆದರೆ ಪತ್ರಿಕೆಗೆ ಬರೆಯಲಿ.

ಈ ವರ್ಷ ಹೊಸ ಮಕ್ಕಳು ಅದೇ ಶೆಡ್ಡಿಗೆ ಮತ್ತೆ ಸ್ಪ್ರಿಂಗ್ ಕಟ್ಟುತ್ತಿದ್ದಾರೆ. ಯಜಮಾನರೇ ಕರೆದು ಜಾಗ ಕೊಟ್ಟರು. ತಾಮ್ರ ಸೇರಿದ ಸ್ಪ್ರಿಂಗ್, ಚೀಟಿಯ ಅಂಕಿ 40, ಮುಚ್ಚಳಕ್ಕೆ ಎದುರು ತೂಕ ಕಟ್ಟಿ ತಂತಿಯ ಮೇಲಿನ ಭಾರ 35 ಮೆಗಾಪಾಸ್ಕಲ್‌ಗೆ ಇಳಿಸಿದ್ದೇವೆ. ನಮ್ಮ ಲೆಕ್ಕದ ಪ್ರಕಾರ 45 ಡಿಗ್ರಿಗೆ ಮುಚ್ಚಳ ಪೂರ್ತಿ ತೆರೆದಿರಬೇಕು, ಇಳಿಯುವಾಗ 33ರ ಆಸುಪಾಸಿನಲ್ಲಿ ಮುಚ್ಚತೊಡಗಬೇಕು. ಮೊದಲ ಹತ್ತು ದಿನ ಅಡಿಕೆ ಹಾಕದೆ ಬರೀ ಥರ್ಮಾಮೀಟರ್ ಇಟ್ಟು ನೋಡುತ್ತೇವೆ. ಅಳತೆ ಬಂದ ಮೇಲೆ, ಲೆಕ್ಕ ಸರಿ ಬಂದರೂ ತಪ್ಪಿದರೂ, ನಿಮಗೆ ಬರೆಯುತ್ತೇನೆ.

ಇಂತಿ ನಿಮ್ಮ ಓದುಗ,
ಪಾಲಿಟೆಕ್ನಿಕ್ ಅಧ್ಯಾಪಕ, ನೀರ್ಚಾಲು, ಕಾಸರಗೋಡು ಜಿಲ್ಲೆ